ಶಹಾಪುರದ ಸರಾಫ ಗಲ್ಲಿಯಲ್ಲಿ ಎರಡು ಉಂಗುರ

ಯುಗಾದಿ ಕಳೆದ ಎರಡನೆಯ ವಾರ ಬೈಲಹೊಂಗಲ ಸೀಮೆಯ ನಮ್ಮ ಹಳ್ಳಿಯಿಂದ ನಾವು ಮೂವರು ಬೆಳಗಾವಿಗೆ ಹೊರಟೆವು. ನಾನು, ನನ್ನ ಹಿರಿಯಣ್ಣನವರು ಮತ್ತು ಅವರ ಮೊಮ್ಮಗಳು. ಹುಡುಗಿಗೆ ಮದುವೆ ಗೊತ್ತಾಗಿತ್ತು. ಸಕ್ಕರೆ ಕಾರ್ಯದ ದಿನ ವಧೂವರರು ಪರಸ್ಪರ ಉಂಗುರ ತೊಡಿಸಬೇಕೆಂದು ಎರಡೂ ಮನೆಯವರು ಒಪ್ಪಿದ್ದರು. ನಮ್ಮ ಕಾಲದಲ್ಲಿ ಹೆಣ್ಣಿನವರು ವರನಿಗೆ ಉಂಗುರ ಹಾಕುತ್ತಿದ್ದರು, ಅಷ್ಟೇ. ಇಂದು ಇಬ್ಬರಿಗೂ ಬೇಕು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಕೊಡುವುದೂ ಕೊಳ್ಳುವುದೂ ಎರಡು ಕೈಗಳ ಕೆಲಸವಾದ ಮೇಲೆ ಒಂದು ಕೈ ಮಾತ್ರ ಏಕೆ ಬರಿದಾಗಿರಬೇಕು?

ನನ್ನನ್ನು ಕರೆದುಕೊಂಡು ಹೋದದ್ದಕ್ಕೆ ಕಾರಣ ಬೇರೆಯಿತ್ತು. ಮನೆಯಲ್ಲಿ ಒಂದು ವಾದ ಎದ್ದಿತ್ತು. ಮಠದಲ್ಲಿ ಓದಿದವನೆಂಬ ನೆಪದಿಂದ ತೀರ್ಪು ಹೇಳುವ ಭಾರ ನನ್ನ ಮೇಲೆ ಬಿದ್ದಿತ್ತು. ಆ ವಾದದ ವಸ್ತು ಅಣ್ಣನವರ ಧೋತರದ ಸೆರಗಿನ ಗಂಟಿನಲ್ಲಿ ನಮ್ಮೊಡನೆ ಬಸ್ಸಿನಲ್ಲಿಯೇ ಪ್ರಯಾಣ ಮಾಡುತ್ತಿತ್ತು.

ಹಿರೇಬಾಗೇವಾಡಿ ದಾಟಿ ಹೆದ್ದಾರಿಗೆ ಸೇರಿದ ಮೇಲೆ ಬಸ್ಸು ವೇಗ ಹಿಡಿಯಿತು. ಇಕ್ಕೆಲದಲ್ಲಿ ಕೊಯ್ಲಾದ ಜೋಳದ ಹೊಲಗಳು, ನಡುನಡುವೆ ಹಸುರಾಗಿ ನಿಂತ ಕಬ್ಬು. ಹಲಗಾ ಸಮೀಪ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಕಾಣಿಸಿದಾಗ ಅಣ್ಣನವರು, “ಹೆಸರಿನಾಗ ಸುವರ್ಣ ಐತಿ, ಕಟ್ಟಿದ್ದು ಮಾತ್ರ ಕಲ್ಲಿಲೆ” ಎಂದು ನಕ್ಕರು. ಅಂದು ಅವರು ನಕ್ಕದ್ದು ಅದೊಂದೇ ಸಲ ಎಂದು ನೆನಪು.

ಬೆಳಗಾವಿಯ ನಿಲ್ದಾಣದಲ್ಲಿಳಿದು ಆಟೋ ಹಿಡಿದು ಕಪಿಲೇಶ್ವರದ ಮೇಲ್ಸೇತುವೆ ದಾಟಿದರೆ ಶಹಾಪುರ. ಇಂದು ಇದು ಬೆಳಗಾವಿಯ ಒಂದು ಭಾಗ. ಆದರೆ 1948ರವರೆಗೆ ಇದು ಸಾಂಗಲಿ ಸಂಸ್ಥಾನಕ್ಕೆ ಸೇರಿದ ಬೇರೆ ಊರು. ಆಚೆ ಬ್ರಿಟಿಷರ ದಂಡು, ಈಚೆ ಸಂಸ್ಥಾನದ ಪೇಟೆ. ನೇಕಾರರೂ ಸರಾಫರೂ ಇಲ್ಲಿ ನೆಲೆಸಿ ಊರನ್ನು ಬೆಳೆಸಿದರು. ಶಹಾಪುರದ ಸೀರೆಯ ಹೆಸರು ಕೇಳದ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಇರಲಿಲ್ಲ. ಖಡೇಬಜಾರದ ಗದ್ದಲದಿಂದ ತುಸು ಒಳಗೆ ಹೊಕ್ಕರೆ ಸರಾಫ ಗಲ್ಲಿ. ಗಾಜಿನ ಗೋಡೆ, ತಂಪು ಹವೆಯ ದೊಡ್ಡ ಅಂಗಡಿಗಳು ಈಗ ನಗರದ ಬೇರೆ ಬೀದಿಗಳಲ್ಲಿ ಎದ್ದಿವೆ. ಈ ಗಲ್ಲಿಯಲ್ಲಿ ಮಾತ್ರ ಕಟ್ಟೆಯ ಮೇಲೆ ಗಾದಿ ಹಾಸಿ ಕುಳಿತ ಹಳೆಯ ಅಂಗಡಿಗಳನ್ನು ಇನ್ನೂ ಕಾಣಬಹುದು. ಮರಾಠಿಯೂ ಕನ್ನಡವೂ ಒಂದೇ ಉಸಿರಿನಲ್ಲಿ ಹೊರಡುವ ಬೀದಿಯಿದು. ಒಳಮನೆಗಳಿಂದ ಸಣ್ಣ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಚಿನ್ನದ ಕೆಲಸದವನ ಸುತ್ತಿಗೆಯ ಸದ್ದಿಗೂ ಕಮ್ಮಾರನದಕ್ಕೂ ಇರುವ ಅಂತರ ಪಿಸುಮಾತಿಗೂ ಕೂಗಿಗೂ ಇರುವಷ್ಟು. ಆ ಸದ್ದು ಕೇಳಿದಾಗ ನನಗೆ ಶರಣ ಕಿನ್ನರಿ ಬೊಮ್ಮಯ್ಯನ ನೆನಪಾಯಿತು. ಆತ ಆಂಧ್ರ ಸೀಮೆಯಿಂದ ಕಲ್ಯಾಣಕ್ಕೆ ಬಂದ ಅಕ್ಕಸಾಲಿಗನೆಂದೂ ಬಳಿಕ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡನೆಂದೂ ನಮ್ಮ ಪರಂಪರೆ ಹೇಳುತ್ತದೆ.

ನಾವು ಹೋದದ್ದು ನಮ್ಮ ತಂದೆಯವರ ಕಾಲದಿಂದ ಪರಿಚಯವಿದ್ದ ಪತ್ತಾರರ ಮನೆಗೆ. ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ. ಈಗಿನವರು ಹಳೆಯ ಪತ್ತಾರರ ಮಗ. ಅವರಿಗೂ ಐವತ್ತು ದಾಟಿದೆ. ಹುಡುಗಿ ಕುಳಿತ ಕೂಡಲೇ ಕೈ ಚಾಚಿದಳು. ಪತ್ತಾರರು ಮುಟ್ಟಲಿಲ್ಲ. “ಈಗ ಅಳತಿ ಬ್ಯಾಡವಾ ತಂಗಿ. ಬಿಸಲಾಗ ಬಸ್ಸಿನಾಗ ಬಂದೀರಿ. ನೀರು ಕುಡೀರಿ, ಒಂದ್ ತಾಸು ಕೂಡ್ರಿ” ಎಂದರು. ಬಿಸಿಲಿನಲ್ಲಿ ಬೆರಳು ಉಬ್ಬುತ್ತದೆ, ಚಳಿಯಲ್ಲಿ ಸೊರಗುತ್ತದೆ. ನಡುಹಗಲ ಬಿಸಿಯಲ್ಲಿ ಅಳೆದ ಉಂಗುರ ಮಾಘದಲ್ಲಿ ಜಾರಿ ಬೀಳುತ್ತದೆ, ಮಾಘದ ಬೆಳಗಿನಲ್ಲಿ ಅಳೆದದ್ದು ವೈಶಾಖದಲ್ಲಿ ಕಚ್ಚಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಸಂಜೆಯ ಹೊತ್ತು, ಮೈ ತಣಿದಿರುವಾಗ, ಎರಡು ಮೂರು ಸಲ ಅಳೆಯುವುದೇ ಲೇಸಂತೆ.

ಆ ಒಂದು ತಾಸಿನಲ್ಲಿ ನಾನು ಕಲಿತದ್ದು ಸಣ್ಣದಲ್ಲ. ಉಂಗುರದ ಅಳತೆಯೆಂದರೆ ಅದರ ಒಳಸುತ್ತಳತೆ. ಕಾಗದದ ಕಿರಿದಾದ ಪಟ್ಟಿಯನ್ನು ಬೆರಳಿನ ಬುಡಕ್ಕೆ ಸುತ್ತಿ, ಸೇರಿದಲ್ಲಿ ಗುರುತು ಮಾಡಿ, ಬಿಡಿಸಿ ಮಿಲಿಮೀಟರಿನಲ್ಲಿ ಅಳೆದರೆ ಅದು ದೊರೆಯುತ್ತದೆ. ಅದನ್ನು 3.14ರಿಂದ ಭಾಗಿಸಿದರೆ ಒಳವ್ಯಾಸ. ನಮ್ಮ ಪೇಟೆಯಲ್ಲಿ ನಡೆಯುವ ನಂಬರಿಗೂ ಈ ಸುತ್ತಳತೆಗೂ ಸ್ಥೂಲವಾಗಿ 40ರ ಅಂತರ: 52 ಮಿಲಿಮೀಟರ್ ಸುತ್ತಳತೆಯೆಂದರೆ ಸುಮಾರು 12ನೆಯ ನಂಬರು. ದಾರದಿಂದಲೂ ಅಳೆಯುತ್ತಾರೆ. ಆದರೆ ದಾರ ಎಳೆದರೆ ಹಿಗ್ಗುತ್ತದೆ, ಬಿಗಿದರೆ ಮಾಂಸದೊಳಗೆ ಇಳಿಯುತ್ತದೆ. ಇಷ್ಟರ ಮೇಲೂ ಒಂದು ತೊಡಕಿದೆ. ಉಂಗುರ ಕೂರುವುದು ಬೆರಳಿನ ಬುಡದಲ್ಲಿ. ದಾಟಿ ಬರಬೇಕಾದದ್ದು ಗೆಣ್ಣನ್ನು. ದುಡಿಯುವ ಕೈಯಲ್ಲಿ ಬುಡಕ್ಕಿಂತ ಗೆಣ್ಣೇ ದಪ್ಪ. ಆದ್ದರಿಂದ ಎರಡನ್ನೂ ಅಳೆದು ನಡುವಿನ ಒಂದು ಅಳತೆಯನ್ನು ಆರಿಸಬೇಕಾಗುತ್ತದೆ. ಬಲಗೈಯಲ್ಲಿ ದುಡಿಯುವವರಿಗೆ ಬಲಗೈಯ ಬೆರಳು ಎಡಗೈಯದಕ್ಕಿಂತ ತುಸು ದಪ್ಪವಿರುವುದು ಸಾಮಾನ್ಯ. ಹಾಗಾಗಿ ಯಾವ ಕೈಗೆ ಎಂಬುದು ಮೊದಲೇ ನಿಶ್ಚಯವಾಗಬೇಕು.

ಇಲ್ಲಿ ಮಾತು ನನ್ನ ಕಡೆ ತಿರುಗಿತು. ಈಚೆಗೆ ಎಲ್ಲರೂ ಎಡಗೈಗೇ ತೊಡಿಸುತ್ತಾರೆಂದು ಹುಡುಗಿ ಹೇಳಿದಳು. ನಮಗಾದರೋ ಎಡದ ಅಂಗೈ ಇಷ್ಟಲಿಂಗದ ಪೀಠ. ಕರಸ್ಥಲವೆಂದು ಶರಣರು ಕರೆದ ಸ್ಥಳ ಅದು. ಮಠದಲ್ಲಿ ನಾವು ಹುಡುಗರಾಗಿದ್ದಾಗ ಹೊಸದಾಗಿ ಬಂದವನೊಬ್ಬನ ಎಡಗೈ ಬೆರಳಲ್ಲಿ ದೊಡ್ಡ ಹರಳಿನ ಉಂಗುರವಿತ್ತು. ಪೂಜೆಗೆ ಕುಳಿತಾಗ ನಮ್ಮ ಗುರುಗಳು ಅವನನ್ನು ಗದರಲಿಲ್ಲ. ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬೆರಳುಗಳನ್ನು ಲಿಂಗದ ಸುತ್ತ ಮೆಲ್ಲನೆ ಮಡಿಸಿ ತೋರಿಸಿದರು. ಉಂಗುರದ ದಪ್ಪದಿಂದ ನಡುವಣ ಬೆರಳುಗಳು ಕೂಡಲಿಲ್ಲ. ಎರೆದ ನೀರು ಹರಳಿನ ಕೆಳಗೆ ನಿಂತಿತು, ವಿಭೂತಿ ಅದರ ಸಂದಿಯಲ್ಲಿ ಕೆಸರಾಯಿತು. ಮರುದಿನ ಆ ಹುಡುಗ ಉಂಗುರವನ್ನು ತಾನೇ ಬಿಚ್ಚಿಟ್ಟು ಬಂದನು. ಈ ಪ್ರಸಂಗವನ್ನು ನಾನು ಅಂಗಡಿಯಲ್ಲಿ ಹೇಳಿದೆ. ಎಡಗೈಗೆ ಉಂಗುರ ಬೇಡವೆಂದು ನಾನು ಹೇಳಲಿಲ್ಲ. ಹಾಗೆ ನಿಷೇಧಿಸಲು ನನಗೆ ಆಧಾರವೂ ಇಲ್ಲ. ಎಡಗೈಗೇ ಬೇಕೆಂದರೆ ಕಿರಿದಾದದ್ದು, ತೆಳುವಾದದ್ದು, ಒಳಮೈ ದುಂಡಗಿರುವುದು ಇರಲಿ ಎಂದಷ್ಟೇ ನನ್ನ ಮಾತು.

ಪತ್ತಾರರು ತಮ್ಮ ದೃಷ್ಟಿಯಿಂದ ಇದಕ್ಕೇ ಬಂದರು. “ತಂಗಿ, ರೊಟ್ಟಿ ಬಡೀತೀಯೇನು?” ಎಂದು ಕೇಳಿದರು. ಬಡಿಯುತ್ತೇನೆ ಎಂದಳು. ಹಾಗಾದರೆ ಎತ್ತರದ ಹರಳು ಬೇಡ ಎಂದರು. ತಲೆ ಭಾರವಾದ ಉಂಗುರ ಬೆರಳಲ್ಲಿ ತಿರುಗುತ್ತದೆ. ಅಳತೆ ತುಸು ಸಡಿಲವಾದರೆ ಇನ್ನೂ ಬೇಗ ತಿರುಗುತ್ತದೆ. ಬೆನ್ನ ಕಡೆಯಿದ್ದ ಹರಳು ಅಂಗೈ ಕಡೆ ಬಂದರೆ ಜೋಳದ ಹಿಟ್ಟು ಹಿಡಿಕೆಯ ಉಗುರುಗಳಲ್ಲಿ ಸೇರಿಕೊಂಡು ಒಣಗುತ್ತದೆ. ಉಗುರು ಸವೆದು ಒಂದು ದಿನ ಹರಳು ರೊಟ್ಟಿಯಲ್ಲಿ ಹೋಗುತ್ತದೆ. ತಿರುಗದಿರಲೆಂದು ಬಿಗಿ ಮಾಡಿಸಿದರೆ ಬೆರಳಿಗೆ ಕಷ್ಟ. ಆಕಾರವೂ ಅಳತೆಯೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವುದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಅಗಲದ ಮಾತೂ ಹಾಗೆಯೇ. ಆರು ಮಿಲಿಮೀಟರಿನಷ್ಟು ಅಗಲದ ಉಂಗುರ ಅದೇ ನಂಬರಿನ ಮೂರು ಮಿಲಿಮೀಟರಿನ ಉಂಗುರಕ್ಕಿಂತ ಬಿಗಿಯಾಗಿ ತೋರುತ್ತದೆ. ಅದಕ್ಕೆ ಒಂದು ನಂಬರು ಹೆಚ್ಚು ಹಿಡಿಯಬೇಕಾದೀತು. ಸುತ್ತಲೂ ಹರಳು ಕೂಡಿಸಿದ ಉಂಗುರವನ್ನು ಮುಂದೆ ಹಿಗ್ಗಿಸುವುದು ಕಠಿಣ. ಬರಿಯ ಬಳೆಯಂಥ ಉಂಗುರವನ್ನಾದರೆ ಕತ್ತರಿಸಿ ಒಂದು ತುಂಡು ಸೇರಿಸಿ ಬೆಸೆಯಬಹುದು. ಹೆರಿಗೆಯಾದ ಮೇಲೆ, ವಯಸ್ಸಾದ ಮೇಲೆ ಹೆಣ್ಣುಮಕ್ಕಳ ಬೆರಳು ಬದಲಾಗುವುದನ್ನು ನೆನೆದರೆ ಈ ಮಾತು ಎಲ್ಲ ತಾಯಂದಿರೂ ಮನಸ್ಸಿನಲ್ಲಿಡತಕ್ಕದ್ದು.

ಉಂಗುರದ ಅಳತೆ ತಪ್ಪಿದರೆ ಏನಾಗುವುದೆಂಬುದಕ್ಕೆ ಕಾಳಿದಾಸನ ಶಾಕುಂತಲವೇ ಇದೆಯಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಅದು ದುಷ್ಯಂತನ ಬೆರಳಿಗೆ ಮಾಡಿದ ಮುದ್ರೆಯುಂಗುರ. ಆಶ್ರಮದ ಹುಡುಗಿಯ ಬೆರಳಿಗೆ ಅದು ಸಡಿಲವಾಗದೆ ಇದ್ದೀತೆ? ಶಚೀತೀರ್ಥದಲ್ಲಿ ಕೈಯಿಂದ ಜಾರಿ ಮೀನಿನ ಹೊಟ್ಟೆ ಸೇರಿತು. ವ್ಯಾಖ್ಯಾನಕಾರರು ದೂರ್ವಾಸನ ಶಾಪವನ್ನು ಹೇಳುತ್ತಾರೆ. ಪತ್ತಾರರು ಕೇಳಿ, “ನಂಬರ್ ತಪ್ಪಿತ್ತು ಗುರುಗಳ” ಎಂದುಬಿಟ್ಟರು. ನಾನು ನಲವತ್ತು ವರ್ಷ ಆ ನಾಟಕವನ್ನು ಪಾಠ ಹೇಳಿದ್ದೇನೆ. ಇಷ್ಟು ಚಿಕ್ಕ ವ್ಯಾಖ್ಯಾನ ಕೇಳಿರಲಿಲ್ಲ.

ಅಣ್ಣನವರು ಇದಾವುದಕ್ಕೂ ಕಿವಿಗೊಟ್ಟಂತೆ ಕಾಣಲಿಲ್ಲ. ಬಲಗೈಯನ್ನು ಟವೆಲಿನ ಮರೆಯಲ್ಲಿಟ್ಟುಕೊಂಡು ಕುಳಿತಿದ್ದರು. ಆ ಕೈಯಲ್ಲಿ ಉಂಗುರ ಬೆರಳಿಲ್ಲ.

1979ರ ಮಾತು. ಅವರ ಮದುವೆಯಾಗಿ ಎಂಟು ತಿಂಗಳಾಗಿತ್ತು. ಅತ್ತೆಯ ಮನೆಯವರು ಹಾಕಿದ ಉಂಗುರ ಅವರಿಗೆ ಬಿಗಿಯಾಗಿತ್ತು. ದಾರದ ಅಳತೆಯ ಮೇಲೆ ಮಾಡಿಸಿದ್ದು. ಬಿಚ್ಚಬೇಕೆಂದರೆ ಸಾಬೂನು ಹಚ್ಚಬೇಕಾಗಿತ್ತು. ಬಿಚ್ಚಿದರೆ ಬೀಗರು ಏನೆಂದುಕೊಂಡಾರೋ ಎಂಬ ಸಂಕೋಚದಿಂದ ಹಾಗೆಯೇ ಬಿಟ್ಟಿದ್ದರು. ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಟ್ರೇಲರಿನ ಮೇಲಿನಿಂದ ಕೆಳಗೆ ಜಿಗಿದರು. ಬದಿಯ ಹಲಗೆಯ ಕೊಂಡಿಗೆ ಉಂಗುರ ಸಿಕ್ಕಿತು. ಮೈಯ ಭಾರವೆಲ್ಲ ಆ ಒಂದು ಬೆರಳಿನ ಮೇಲೆ ಬಂತು. ಮುಂದಿನದನ್ನು ಬರೆಯಲಾರೆ. ಮಠಕ್ಕೆ ಬಂದ ತಂದೆಯವರ ಕಾಗದದಲ್ಲಿ ಒಂದೇ ಸಾಲಿನಲ್ಲಿ ಆ ಸುದ್ದಿಯಿತ್ತು. ಉಂಗುರ ಮರುದಿನ ರವದಿಯಲ್ಲಿ ಸಿಕ್ಕಿತಂತೆ, ಒಂದು ಕಡೆ ಚಪ್ಪಟೆಯಾಗಿ. ಅತ್ತಿಗೆಯವರು ಅದನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿಟ್ಟರು. ಬರಗಾಲದ ವರ್ಷಗಳಲ್ಲಿ ಮನೆಯ ಬಂಗಾರವೆಲ್ಲ ಒತ್ತೆ ಹೋಯಿತು. ಇದು ಮಾತ್ರ ಹೋಗಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಈಗ ಅಣ್ಣನವರು ಅದನ್ನು ಕರಗಿಸಿ ಮೊಮ್ಮಗಳ ಮದುವೆಗೆ ಬಳಸಬೇಕೆಂದು ಹಟ ಹಿಡಿದಿದ್ದರು. ಚೊಕ್ಕ ಚಿನ್ನ ಹತ್ತು ಗ್ರಾಮಿಗೆ ಲಕ್ಷ ರೂಪಾಯಿ ದಾಟಿದ್ದು 2025ರಲ್ಲಿ. ಒಕ್ಕಲುತನದ ಮನೆಗೆ ಐದು ಗ್ರಾಂ ಬಂಗಾರ ಸಣ್ಣ ಮಾತಲ್ಲ. ಮನೆಯ ಹೆಂಗಸರು ಅಪಶಕುನವೆಂದರು. ಅತ್ತಿಗೆಯವರು ಏನನ್ನೂ ಅನ್ನಲಿಲ್ಲ. ನನ್ನ ತೀರ್ಪು ಕೇಳಿದಾಗ, ಶಕುನಕ್ಕೆ ಶರಣಧರ್ಮದಲ್ಲಿ ಎಡೆಯಿಲ್ಲವೆಂದು ನಾನು ತಟ್ಟನೆ ಹೇಳಿಬಿಟ್ಟಿದ್ದೆ. ಹೇಳಿದ್ದು ಸರಿಯೇ. ಆದರೆ ಅತ್ತಿಗೆಯವರ ಮೌನ ಶಕುನದ ಭಯವಲ್ಲವೆಂಬುದು ಬಸ್ಸು ಹತ್ತುವಾಗ ಅವರು ಬಾಗಿಲಲ್ಲಿ ನಿಂತ ರೀತಿಯನ್ನು ಕಂಡ ಮೇಲೆ ನನಗೆ ಹೊಳೆಯಿತು. ಪುಸ್ತಕ ಓದಿದವರು ಉತ್ತರ ಕೊಡಲು ಅವಸರಪಡುತ್ತೇವೆ.

ಅಣ್ಣನವರು ಗಂಟು ಬಿಚ್ಚಿದರು. ಪತ್ತಾರರು ಉಂಗುರವನ್ನು ಒರೆಗಲ್ಲಿಗೆ ತಿಕ್ಕಿ ನೋಡಿ, 22 ಕ್ಯಾರೆಟ್ಟಿಗೆ ಹತ್ತಿರವಿದೆ ಎಂದರು. ತೂಕ ಐದು ಗ್ರಾಂ. ಅವರು ಬೇರೇನನ್ನೂ ಕೇಳಲಿಲ್ಲ. ಚಪ್ಪಟೆಯಾದ ಭಾಗದ ಮೇಲೆ ಒಮ್ಮೆ ಹೆಬ್ಬೆರಳಾಡಿಸಿ ಅಂಗೈಯಲ್ಲಿಟ್ಟುಕೊಂಡು ಕುಳಿತರು. “ಅಳಿಯನ ಉಂಗುರಕ್ಕ ಹಾಕ್ರಿ” ಎಂದರು ಅಣ್ಣನವರು. ಆಗ ಹುಡುಗಿ, “ಬ್ಯಾಡ ಅಜ್ಜಾ. ಆ ಬಂಗಾರ ನನ್ನ ಉಂಗುರಕ್ಕ ಇರಲಿ. ಅವರದು ಹೊಸಾದ್ರಾಗ ಮಾಡಿಸೂಣು” ಎಂದಳು. ಹೇಳಿದ ಮೇಲೆ ನನ್ನ ಕಡೆ ನೋಡಿದಳು. ನಾನು ಈ ಸಲ ಏನನ್ನೂ ಹೇಳಲಿಲ್ಲ. ಅಣ್ಣನವರು ಬಹಳ ಹೊತ್ತಿನ ಮೇಲೆ, “ನಿಮ್ಮಜ್ಜೀನ ಒಂದ್ ಮಾತು ಕೇಳು” ಎಂದರು. ಹುಡುಗಿ ಫೋನು ಹಿಡಿದು ಕಟ್ಟೆಯ ಹೊರಗೆ ಹೋದಳು. ಹಿಂತಿರುಗಿ ಬಂದು, ಅಜ್ಜಿ “ಹೂಂ” ಅಂದಳು ಎಂದಳು. ಮತ್ತೇನಾದರೂ ಅಂದರೋ ಎಂದು ಅಣ್ಣನವರು ಕೇಳಿದರು. ಅಳತೆ ಸರಿಯಾಗಿ ನೋಡಿಸು ಅಂದರಂತೆ.

ಅವಳ ಬೆರಳಿನ ಪಟ್ಟಿ 52 ಮಿಲಿಮೀಟರ್ ಬಂತು. ಗೆಣ್ಣಿಗೂ ಬುಡಕ್ಕೂ ಹೆಚ್ಚು ಅಂತರವಿಲ್ಲ. ಪತ್ತಾರರು ಗೊಂಚಲಾಗಿ ಕಟ್ಟಿದ ಅಳತೆಯ ಬಳೆಗಳಲ್ಲಿ 12ನೆಯದನ್ನು ತೊಡಿಸಿ, ತೆಗೆಸಿ, ಮತ್ತೆ ತೊಡಿಸಿದರು. ಮೂರು ಮಿಲಿಮೀಟರ್ ಅಗಲ, ನಡುವೆ ಒಂದೂವರೆಗೆ ತುಸು ಮೇಲೆ ದಪ್ಪ, ಹೊರಗೆ ಅರ್ಧಚಂದ್ರದಂತೆ ಉಬ್ಬು. ಇದಕ್ಕೆ ನಾಲ್ಕು ಗ್ರಾಮಿಗೆ ತುಸು ಕಡಿಮೆ ಚಿನ್ನ ಸಾಕು. 22 ಕ್ಯಾರೆಟ್ ಚಿನ್ನ ಮೆತ್ತಗಿನದು, ಅದಕ್ಕಿಂತ ತೆಳುವಾದರೆ ಸವೆದು ಸೊಟ್ಟಗಾಗುತ್ತದೆ ಎಂದರು. ಕರಗಿಸುವಾಗಿನ ತೇಮಾನ ಕಳೆದು ಉಳಿಯುವ ಚೂರನ್ನು ತಾಳಿಯ ಗುಂಡುಗಳಿಗೆ ಸೇರಿಸುವುದೆಂದು ಮಾತಾಯಿತು.

ವರನ ಅಳತೆಯೆಂದು ಬೀಗರ ಮನೆಯಿಂದ ಒಂದು ದಾರ ಬಂದಿತ್ತು. ಮಾಘ ಮಾಸದ ಚಳಿಯಲ್ಲಿ ಒಂದು ಮುಂಜಾವ ಅವನ ತಾಯಿ ಅಳೆದದ್ದು. ದಾರ 60 ಮಿಲಿಮೀಟರ್ ಇತ್ತು. ದಾರವನ್ನು ಕಂಡ ಕೂಡಲೇ ಅಣ್ಣನವರು ಎದ್ದು ನಿಂತರು. “ದಾರದ ಮ್ಯಾಲೆ ಮಾಡಬ್ಯಾಡ್ರಿ. ಹುಡುಗನ್ನ ನೋಡೂಣು ನಡೀರಿ.” ಅವರ ದನಿ ಕೇಳಿ ಪತ್ತಾರರು ಅಳತೆಯ ಗೊಂಚಲನ್ನು ಚೀಲದಲ್ಲಿ ಹಾಕಿಕೊಂಡು ತಾವೂ ಹೊರಟರು. ಇಂಥ ಗಿರಾಕಿಗಳ ಮನೆತನದ ಸ್ನೇಹ ಗಾಜಿನ ಅಂಗಡಿಗಳಲ್ಲಿ ದೊರೆಯದು.

ಖಾನಾಪುರದ ರಸ್ತೆ ಹಿಡಿದು ಟಿಳಕವಾಡಿ ದಾಟಿ ಮುಂದೆ ಹೋದರೆ ಉದ್ಯಮಬಾಗ. ಎರಕದ ಕಾರ್ಖಾನೆಗಳಿಗೂ ಯಂತ್ರಭಾಗಗಳ ತಯಾರಿಕೆಗೂ ಹೆಸರಾದ ಜಾಗ. ಸರಾಫ ಗಲ್ಲಿಯಿಂದ ಇಲ್ಲಿಗೆ ಬರುವುದೆಂದರೆ ಒಂದು ಲೋಹದ ಲೋಕದಿಂದ ಇನ್ನೊಂದಕ್ಕೆ ಬಂದಂತೆ. ಅಲ್ಲಿ ಗುಲಗಂಜಿ ತೂಕದ ಲೆಕ್ಕ, ಇಲ್ಲಿ ಟನ್ನಿನದು; ಕರಗಿಸುವುದು, ಎರೆಯುವುದು, ಉಜ್ಜುವುದು ಮಾತ್ರ ಎರಡೂ ಕಡೆ ಒಂದೇ. ಹುಡುಗ ಪಾಳಿ ಮುಗಿಸಿ ಬಾಗಿಲಿಗೆ ಬಂದನು. ಲೇಥ್ ಯಂತ್ರದ ಮೇಲೆ ಕೆಲಸ ಮಾಡುವವನು. ಕೈ ಎಷ್ಟು ತೊಳೆದಿದ್ದರೂ ಗೆಣ್ಣಿನ ಗೆರೆಗಳಲ್ಲಿ ಎಣ್ಣೆಯ ಕಪ್ಪು ಉಳಿದಿತ್ತು. ಚಹಾದ ಗಾಡಿಯ ಬೆಂಚಿನ ಮೇಲೆ ಕುಳಿತು ಅಳೆದೆವು. ಬುಡ 61, ಗೆಣ್ಣು 66. ದಾರದ ಅಳತೆಯ ಉಂಗುರ ಅವನ ಗೆಣ್ಣನ್ನು ದಾಟುತ್ತಲೇ ಇರಲಿಲ್ಲ. ಬಲವಂತದಿಂದ ದಾಟಿಸಿದ್ದರೆ ಹಿಂದಕ್ಕೆ ಬರುತ್ತಿರಲಿಲ್ಲ. ಪತ್ತಾರರು 64ಕ್ಕೆ, ಎಂದರೆ 24ನೆಯ ನಂಬರಿಗೆ ನಿಂತರು. ಒಳವ್ಯಾಸ 20.4 ಮಿಲಿಮೀಟರ್. ಅಗಲ ನಾಲ್ಕೋ ಐದೋ ಎಂಬ ಚರ್ಚೆ ಬಂತು. ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ನಾಲ್ಕರ ಅಗಲವಾದರೆ ಸುಮಾರು ಏಳು ಗ್ರಾಂ, ಒಳಮೈ ದುಂಡು ಮಾಡಿದರೆ ಇನ್ನೂ ಅರ್ಧ ಗ್ರಾಂ ಕಡಿಮೆ. ಐದಕ್ಕೆ ಏರಿಸಿದರೆ ತೂಕ ಕಾಲುಭಾಗ ಹೆಚ್ಚುತ್ತದೆ. ಹದಿನೈದು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ವ್ಯತ್ಯಾಸ. ಹುಡುಗನೇ ನಾಲ್ಕು ಸಾಕೆಂದನು.

ಅಣ್ಣನವರು ಆಗ ಟವೆಲು ಸರಿಸಿ ಕೈ ಚಾಚಿದರು. ಏನೂ ವಿವರಿಸಲಿಲ್ಲ. “ಯಂತ್ರದ ಮುಂದ ಹಾಕ್ಕೊಂಡು ನಿಂದರಬ್ಯಾಡಪಾ” ಎಂದರು. ಹುಡುಗ ಆ ಕೈಯನ್ನು ನೋಡಿದನು. ಕೆಲಸದ ಹೊತ್ತಿನಲ್ಲಿ ಉಂಗುರ, ಗಡಿಯಾರ ಏನನ್ನೂ ಹಾಕಬಾರದೆಂಬ ನಿಯಮ ತಮ್ಮಲ್ಲಿದೆಯೆಂದೂ ತಿರುಗುವ ಯಂತ್ರ ಉಂಗುರವನ್ನು ಹಿಡಿದರೆ ಬೆರಳನ್ನು ಬಿಡುವುದಿಲ್ಲವೆಂದೂ ಹೇಳಿದನು. ಬಳಿಕ ಬಹಳ ಮೆಲ್ಲಗೆ, ಬಿಚ್ಚಿಟ್ಟರೆ ನಿಮ್ಮವರು ಬೇಸರಪಡುತ್ತಾರೇನೋ ಎಂದು ಅಂಜಿದ್ದೆ ಎಂದನು. ಅಣ್ಣನವರ ಬಾಯಿಂದ ಮಾತು ಹೊರಡಲಿಲ್ಲ. ಇದೇ ಅಂಜಿಕೆಯನ್ನು ಅವರು 1979ರಲ್ಲಿ ಯಾರಿಗೂ ಹೇಳಿರಲಿಲ್ಲ. ಹುಡುಗಿಯೇ ಉತ್ತರ ಕೊಟ್ಟಳು: “ಬಿಚ್ಚಿಡ್ರಿ. ನಾನೂ ಹಿಟ್ಟು ಕಲಸುಮುಂದ ಬಿಚ್ಚಿಡ್ತೀನಿ.”

ಹನ್ನೆರಡು ದಿನಗಳ ಬಳಿಕ ಉಂಗುರಗಳು ಸಿದ್ಧವಾದುವೆಂದು ಸುದ್ದಿ ಬಂತು. ಅಣ್ಣನವರು ಬರಲಿಲ್ಲ, ಅತ್ತಿಗೆಯವರು ನನ್ನೊಡನೆ ಬಂದರು. ಪತ್ತಾರರು ಹೊಸ ಉಂಗುರದ ಒಳಮೈಯನ್ನು ಭೂತಗನ್ನಡಿಯಲ್ಲಿ ತೋರಿಸಿದರು: ಮಾನಕ ಸಂಸ್ಥೆಯ ಚಿಹ್ನೆ, 22ಕೆ 916 ಎಂಬ ಶುದ್ಧತೆಯ ಗುರುತು, ಆರು ಅಕ್ಷರಾಂಕಗಳ ಗುರುತಿನ ಸಂಖ್ಯೆ. ಹಾಲ್‌ಮಾರ್ಕ್ 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಈ ಆರು ಅಕ್ಷರಾಂಕಗಳೂ ಇರಬೇಕು. ಓದುಗರು ಯಾವ ಅಂಗಡಿಗೆ ಹೋದರೂ ಇದನ್ನು ಕೇಳಿ ನೋಡಬೇಕು, ಪರಿಚಯವಿದೆಯೆಂದು ಬಿಡಬಾರದು.

ಅತ್ತಿಗೆಯವರು ಭೂತಗನ್ನಡಿಯನ್ನು ಬೇಡವೆಂದರು. ಮೊಮ್ಮಗಳ ಉಂಗುರವನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿ ಕೆಳಗಿಟ್ಟರು. ಬಳಿಕ ವರನ ಉಂಗುರವನ್ನು ತೆಗೆದುಕೊಂಡು, “ಆ ಹುಡುಗನ ಕೈ ಈ ಪತ್ತಾರರ ಕೈಯಷ್ಟು ದಪ್ಪ ಇದ್ದೀತೇನು?” ಎಂದು ನನ್ನನ್ನು ಕೇಳಿದರು. ಹೆಚ್ಚು ಕಡಿಮೆ ಇದ್ದೀತೆಂದೆ. ಪತ್ತಾರರು ಅದನ್ನು ತಮ್ಮ ಬೆರಳಿಗೆ ತೊಟ್ಟುಕೊಂಡರು. ಅತ್ತಿಗೆಯವರು ಅವರ ಕೈ ನೋಡುತ್ತ, “ಈಗ ತಗೀರಿ” ಎಂದರು. ಗೆಣ್ಣಿನ ಹತ್ತಿರ ಒಂದು ಕ್ಷಣ ನಿಂತು ಅದು ಈಚೆ ಬಂತು. “ಮತ್ತೊಮ್ಮೆ” ಎಂದರು. ಪತ್ತಾರರು ಮತ್ತೆ ತೊಟ್ಟು ಮತ್ತೆ ತೆಗೆದರು. ಅತ್ತಿಗೆಯವರು ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿಸಿಕೊಂಡರು. ಹಳೆಯ ಉಂಗುರ ಸುತ್ತಿಟ್ಟಿದ್ದ ಬಟ್ಟೆಯ ತುಂಡು ಅಂಗಡಿಯಲ್ಲಿಯೇ ಉಳಿದಿತ್ತು. ಅದನ್ನು ಕೇಳಿ ಪಡೆದು, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ನಾಲ್ಕರ ಬಸ್ಸು ನಮಗೆ ತಪ್ಪಿತು. ಐದೂವರೆಯದರಲ್ಲಿ ಕುಳಿತು ಊರಿಗೆ ಬಂದೆವು.